ಹಳೆಯ ಗಣಕಯಂತ್ರದ ಲೆಕ್ಕವನ್ನು ಹೊಸದಕ್ಕೆ ಸಾಗಿಸುವ ಬಗೆ

ಹಳಿಯಾಳ, ಮುಂಡಗೋಡ, ದಾಂಡೇಲಿ, ಜೋಯಿಡಾ ತಾಲೂಕುಗಳ ಮುಖಂಡರಿಗೂ ಜಮೀನುದಾರರಿಗೂ ಉತಾರವು ಕೈಬರಹದ ಕಾಗದವಾಗಿದ್ದ ಕಾಲವು ನೆನಪಿರಬಹುದು. 2000ನೆಯ ಇಸವಿಯ ಸುಮಾರಿಗೆ ಭೂಮಿ ಯೋಜನೆಯು ತಾಲೂಕು ಕಚೇರಿಗಳಿಗೆ ಬಂದು, ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದುವು. ಆ ಲೆಕ್ಕವನ್ನು ಕಾಯುವುದಕ್ಕೆ ಸರಕಾರವಿರುವುದು. ಊರಿನ ಸಂಘದ ಸಾಲದ ಖಾತೆ, ಭತ್ತದ ಗೋದಾಮಿನ ಜಮಾಖರ್ಚು, ಕಬ್ಬಿನ ತೂಕದ ಪಟ್ಟಿ ಮುಂತಾದವು ಹಳೆಯ ಯಂತ್ರವೊಂದರಲ್ಲಿ ಉಳಿದಿದ್ದರೆ ಅವುಗಳನ್ನು ಕಾಯತಕ್ಕವರು ನಾವೇ.

ಯಂತ್ರವನ್ನು ಬದಲಿಸಿದೊಡನೆ ಲೆಕ್ಕದ ತಂತ್ರಾಂಶವು ನಡೆಯದೆ ಹೋಗುವುದುಂಟು. ಅಷ್ಟರಲ್ಲಿ ಹಳೆಯದು ಗುಜರಿಗೆ ಹೋಗಿರುತ್ತದೆ. ಆದಕಾರಣ ಹೊಸ ಯಂತ್ರದಲ್ಲಿ ಒಂದು ತಿಂಗಳ ಲೆಕ್ಕವು ಪೂರ್ಣವಾಗಿ ತಾಳೆಯಾಗುವವರೆಗೆ ಹಳೆಯದನ್ನು ಅಳಿಸಲೂಬಾರದು, ಮಾರಲೂಬಾರದು.

ತಂತ್ರಾಂಶವು ತೆರೆಯದಿದ್ದರೆ ಪರದೆಯ ಮೇಲಿನ ಚಿಹ್ನೆಯನ್ನು ಮಾತ್ರ ಒಯ್ದಿರುವಿರೋ ಎಂದು ಮೊದಲು ನೋಡತಕ್ಕದ್ದು. ಅದು ನೇಗಿಲನ್ನು ಒಯ್ದು ನೊಗವನ್ನು ಮರೆತಂತೆ. ಇಡೀ ಕಡತಕೋಶವೂ ಅದರ ಸಹಾಯಕ ಕಡತಗಳೂ ಬೇಕು, ಮೂಲದ ಸಿ.ಡಿ. ಇದ್ದರೆ ಅದರಿಂದಲೇ ಹೊಸದಾಗಿ ಸ್ಥಾಪಿಸುವುದು ಉತ್ತಮ. ಎರಡೂ ಕಡೆಯ ಕಡತಗಳ ಗಾತ್ರವನ್ನು ಬೈಟಿನ ಲೆಕ್ಕದಲ್ಲಿ ಹೋಲಿಸಿರಿ. ಜೋಯಿಡಾದಂತಹ ಮಳೆಸೀಮೆಯಲ್ಲಿ ಫ್ಲಾಪಿಗಳಿಗೆ ಬೂಷ್ಟು ಹಿಡಿಯುವುದುಂಟು. ಅಂಥದನ್ನು ಯಂತ್ರಕ್ಕೆ ತುರುಕಿದರೆ ಓದುವ ತಲೆಯೂ ಕೆಡುವುದು.

ಡಾಸ್ ಕಾಲದ, ಎಂದರೆ 16 ಬಿಟ್ಟಿನ, ತಂತ್ರಾಂಶವು 64 ಬಿಟ್ಟಿನ ವಿಂಡೋಸಿನಲ್ಲಿ ನಡೆಯುವುದೇ ಇಲ್ಲ. ಇದು ಸಾಗಿಸಿದವನ ತಪ್ಪಲ್ಲ. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದೊಳಗೆ ಅದನ್ನು ನಡೆಸಬಹುದು. ಆದರೆ ಅದು ಆಟಗಳಿಗಾಗಿ ಮಾಡಿದ್ದಾದುದರಿಂದ ಮುದ್ರಣಕ್ಕೆ ತೊಡಕಾಗುವುದು.

ತೆರೆಯದ ತಂತ್ರಾಂಶಕ್ಕಿಂತ, ತೆರೆದು ತಪ್ಪು ಹೇಳುವ ತಂತ್ರಾಂಶವು ಹೆಚ್ಚು ಅಪಾಯಕರವೆಂದು ನನ್ನ ಅಭಿಪ್ರಾಯ. ಹೊಸ ಯಂತ್ರವು ತಾರೀಖನ್ನು ಅಮೆರಿಕದ ಕ್ರಮದಂತೆ ತಿಂಗಳು ಮೊದಲಾಗಿ ಓದಿದರೆ, 5-8 ಎಂದು ಬರೆದ ಆಗಸ್ಟ್ 5ರ ಗಡುವು ಮೇ 8 ಆಗುವುದು. ಬಡ್ಡಿಯು ಮೂರು ತಿಂಗಳು ಹೆಚ್ಚಾಗಿ ಬೀಳುವುದು. ಯಾವ ಸೂಚನೆಯೂ ಬಾರದು. 25-8 ಎಂದಿದ್ದರೆ 25ನೆಯ ತಿಂಗಳಿಲ್ಲವಾದ್ದರಿಂದ ತಪ್ಪು ಹೊರಬೀಳಬಹುದು. ಪ್ರಾದೇಶಿಕ ಸೆಟ್ಟಿಂಗಿನಲ್ಲಿ ಭಾರತದ ಕ್ರಮವನ್ನು ಆರಿಸಿ, 12ಕ್ಕಿಂತ ಕಡಿಮೆಯ ದಿನಾಂಕಗಳುಳ್ಳ ಹತ್ತಾರು ಖಾತೆಗಳನ್ನು ರಸೀದಿಯೊಡನೆ ಹೋಲಿಸತಕ್ಕದ್ದು.

ಕನ್ನಡವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವುದು ಮತ್ತೊಂದು ದೂರು. ಕಡತವು ಕೆಟ್ಟಿತೆಂದು ಅನೇಕರು ಹೆದರುವರು. ಹಳೆಯ ನುಡಿ ಲಿಪಿಯಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿಯೇ ಕನ್ನಡದ ರೂಪಗಳನ್ನು ಇಡಲಾಗಿದ್ದಿತು; ಆ ಲಿಪಿಯಿಲ್ಲದ ಯಂತ್ರದಲ್ಲಿ ಇಂಗ್ಲಿಷೇ ಕಾಣುವುದು. ಲಿಪಿಯನ್ನು ಸ್ಥಾಪಿಸಿದರೆ ಬರಹವು ಮರಳುವುದು. ಆ ಬಳಿಕ ಪ್ರತಿಯೊಂದನ್ನು ಮಾಡಿಕೊಂಡು, ಪರಿವರ್ತಕದಿಂದ ಯೂನಿಕೋಡಿಗೆ ತಂದರೆ ಮುಂದಿನ ಯಂತ್ರಕ್ಕೂ ಸಲ್ಲುವುದು. ಅರ್ಕಾವೊತ್ತುಗಳು ಆಗ ಸ್ಥಾನ ತಪ್ಪುವುದುಂಟು; ಖಾತೆದಾರರ ಹೆಸರುಗಳನ್ನು ಒಂದೊಂದಾಗಿ ಓದಿ ತಿದ್ದಬೇಕು.

ಹುಡುಕಿದ ಹೆಸರು ಸಿಗದಿದ್ದರೆ ಹಳೆಯ ಪಟ್ಟಿಯಲ್ಲಿ ಜೋಯಿಡಾ ಸೂಪಾ ಎಂದೂ, ದಾಂಡೇಲಿ ಹಳಿಯಾಳ ತಾಲೂಕಿನೊಳಗೂ ಇರಬಹುದೆಂಬುದನ್ನು ನೋಡಿಕೊಳ್ಳಿರಿ.