ಹಳಿ ತಪ್ಪಿದ ಪುಟಾಣಿ ಎಂಜಿನ್‌ನ ವಾಪಸ್ ಕೂರಿಸೋದು ಹೇಗೆ?

ತ್ಯಾಗರಾಜನಗರದಿಂದ ಮಾತಾಡ್ತಿದ್ದೀನಿ. ನಮ್ಮ ಸೌತ್ ಬೆಂಗಳೂರಿನ ಮಕ್ಕಳಿಗೆ ಆಟದ ರೈಲು ಅಂದ್ರೆ ಕಬ್ಬನ್ ಪಾರ್ಕ್ ಬಾಲಭವನದ ಪುಟಾಣಿ ಎಕ್ಸ್‌ಪ್ರೆಸ್. ಮೈಸೂರಿನಲ್ಲಿ 1979ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಂನಲ್ಲೂ ಮಕ್ಕಳ ರೈಲಿದೆ. ಇಂಥ ಎಂಜಿನ್ ಹಳಿ ತಪ್ಪಿದ್ರೆ ಏನ್ಮಾಡ್ತಾರೆ? ಇವತ್ತಿನ ವಿಷಯ ಅದೇ.

ರೈಲಿನ ಚಕ್ರದ ಒಳಬದಿಗೆ ಒಂದು ಅಂಚು ಇರುತ್ತೆ. ಅದಕ್ಕೆ ಫ್ಲೇಂಜ್ ಅಂತಾರೆ. ಚಕ್ರ ಹಳಿಯಿಂದ ಜಾರದ ಹಾಗೆ ತಡೆಯೋದು ಇದೇ. ದೊಡ್ಡ ರೈಲಿನಲ್ಲೇ ಇದರ ಎತ್ತರ ಮೂರು ಸೆಂಟಿಮೀಟರ್‌ಗಿಂತ ಕಮ್ಮಿ. ಪುಟಾಣಿ ರೈಲಿನಲ್ಲಿ ಇನ್ನೂ ಕಮ್ಮಿ. ಹಾಗಾಗಿ ಹಳಿ ಮೇಲೆ ಒಂದು ಜಲ್ಲಿಕಲ್ಲು ಇದ್ರೂ ಚಕ್ರ ಹತ್ತಿ ಇಳಿದುಬಿಡಬಹುದು.

ಆಗ ಸುತ್ತ ಇದ್ದವರಿಗೆಲ್ಲ ಬರೋ ಮೊದಲ ಯೋಚನೆ, "ಬನ್ರೋ, ನಾಲ್ಕು ಜನ ಸೇರಿ ಎತ್ತಿಬಿಡೋಣ." ಬೇಡ. ಒಂದು ಟನ್ ಎಂಜಿನ್‌ನ ಒಂದು ತುದಿ ಎತ್ತಿದ್ರೂ ಕೈಮೇಲೆ ಸುಮಾರು ಅರ್ಧ ಟನ್. ಜಾರಿದ್ರೆ ಚಕ್ರಕ್ಕೂ ಹಳಿಗೂ ನಡುವೆ ಸಿಗೋದು ಬೆರಳು.

ಸರಿಯಾದ ಕ್ರಮ ಹೀಗೆ. ಮೊದಲು ಮಕ್ಕಳನ್ನ ಇಳಿಸಿ ದೂರ ಕಳಿಸಬೇಕು. ಎಂಜಿನ್ ಆಫ್ ಮಾಡಿ, ಬೋಗಿಗಳ ಕೊಂಡಿ ಬಿಚ್ಚಿ, ಹಳಿ ಮೇಲಿರೋ ಚಕ್ರಗಳಿಗೆಲ್ಲ ಅಡ್ಡ ಮರದ ತುಂಡು ಇಡಬೇಕು. ಆಮೇಲೆ ಜಾಕ್. ಅದನ್ನ ನೇರವಾಗಿ ಜಲ್ಲಿ ಮೇಲೆ ಇಟ್ರೆ ಕುಸಿಯುತ್ತೆ, ಕೆಳಗೆ ಗಟ್ಟಿ ಮರದ ಹಲಗೆ ಬೇಕು. ಎತ್ತೋದು ಎಂಜಿನ್‌ನ ಕಬ್ಬಿಣದ ಚೌಕಟ್ಟನ್ನ, ಮೇಲಿನ ತಗಡಿನ ಬಾಡಿಯನ್ನಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಸ್ಪ್ರಿಂಗ್ ಇರೋ ಎಂಜಿನ್‌ನಲ್ಲಿ ಚೌಕಟ್ಟು ಮೇಲೆ ಬಂದ್ರೂ ಚಕ್ರ ಕೆಳಗೇ ಜೋತಾಡ್ತಿರುತ್ತೆ. ಅದಕ್ಕೇ ಮೊದಲೇ ಅಚ್ಚನ್ನ ಚೌಕಟ್ಟಿಗೆ ಸರಪಳಿಯಿಂದ ಬಿಗಿದ್ರೆ ಎರಡೂ ಒಟ್ಟಿಗೆ ಏಳುತ್ತೆ. ಸ್ವಲ್ಪ ಎತ್ತಿದ ಕೂಡಲೇ ಕೆಳಗೆ ಮರದ ತುಂಡು ಜೋಡಿಸಬೇಕು. ಜಾಕ್ ಕೈಕೊಟ್ರೂ ಎಂಜಿನ್ ಬೀಳಬಾರದು ನೋಡಿ. ಫ್ಲೇಂಜ್ ಹಳಿಯ ಮಟ್ಟ ದಾಟಿದ ಮೇಲೆ ಹಾರೆಕೋಲಿನಿಂದ ಇಂಚಿಂಚಾಗಿ ಪಕ್ಕಕ್ಕೆ ಸರಿಸಿ, ನಿಧಾನವಾಗಿ ಇಳಿಸಬೇಕು. ಎರಡೂ ಫ್ಲೇಂಜ್ ಹಳಿಗಳ ಒಳಗಡೆ ಕೂತ್ರೆ ಸರಿ.

ಆದ್ರೆ ಇದು ಅರ್ಧ ಕೆಲಸ. ನಾನು ಬಿಕಾಂ ಓದಿದವನು, ನನ್ನ ಭಾಷೆಯಲ್ಲಿ ಹೇಳ್ತೀನಿ: ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ ಮುಂದೆ ಹೋಗಬಹುದು, ತಪ್ಪು ಮಾತ್ರ ಒಳಗೇ ಕೂತಿರುತ್ತೆ. ಎಂಜಿನ್ ಯಾಕೆ ಇಳೀತು ಅಂತ ಹುಡುಕಲೇಬೇಕು. ತಿರುವಿನಲ್ಲಿ ಹಳಿಗಳ ನಡುವಿನ ಅಂತರ ಜಾಸ್ತಿ ಆಗಿದೆಯಾ? ಸ್ಲೀಪರ್ ಕೊಳೆತಿದೆಯಾ? ಒಂದು ಹಳಿ ತಗ್ಗಿದೆಯಾ? ಫ್ಲೇಂಜ್ ಸವೆದಿದೆಯಾ? ಅಳತೆ ಮಾಡಿ, ರಿಪೇರಿ ಮಾಡಿ, ಆಮೇಲೆ ಖಾಲಿ ರೈಲನ್ನ ನಡಿಗೆಯ ವೇಗದಲ್ಲಿ ಅದೇ ಜಾಗದ ಮೇಲೆ ಓಡಿಸಿ ನೋಡಬೇಕು. ಇಷ್ಟಾದ ಮೇಲೇ ಮಕ್ಕಳು ಹತ್ತಬೇಕು.

ಹಾಗಾಗಿ ಮುಂದಿನ ಸಲ "ಇವತ್ತು ರೈಲು ಇಲ್ಲ" ಅಂತ ಬೋರ್ಡ್ ಕಂಡ್ರೆ ಸಿಬ್ಬಂದಿ ಮೇಲೆ ರೇಗಬೇಡಿ. ಮಗುವಿಗೆ ಐಸ್‌ಕ್ರೀಂ ಕೊಡಿಸಿ, ಇನ್ನೊಂದು ಭಾನುವಾರ ಬನ್ನಿ.