ಬಾವಿಕಟ್ಟೆಯ ಮಾವು ಟೆರೇಸ್ ಹತ್ತಿದ ಕಥೆ

ಕಳೆದ ವರ್ಷ ಮೇ ತಿಂಗಳ ಒಂದು ಭಾನುವಾರ. ನಮ್ಮ ಊಟದ ಮೇಜಿನ ಮೇಲೆ ಆರು ತಟ್ಟೆ. ಒಂದೊಂದರಲ್ಲಿ ಒಂದೊಂದು ಜಾತಿಯ ಮಾವಿನ ಹೋಳು. ತಟ್ಟೆಗೆ ಹೆಸರಿಲ್ಲ, ನಂಬರ್ ಮಾತ್ರ. ಅಮ್ಮ, ಮಾವ, ಚಿಕ್ಕಮ್ಮ, ನನ್ನ ಹೆಂಡತಿ ನಾಲ್ವರ ಕಣ್ಣಿಗೂ ಬಟ್ಟೆ ಕಟ್ಟಿದ್ದೆ. ನಾನು ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಸಿಹಿ, ಹುಳಿ, ಪರಿಮಳ, ನಾರು, ಗೊರಟಿನ ಗಾತ್ರ ಅಂತ ಐದು ಕಾಲಂ. ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ.

“ಎಂತ ಮಾರಾಯ, ಮಾವಿನಹಣ್ಣು ತಿನ್ಲಿಕ್ಕೂ ಎಕ್ಸೆಲ್ ಶೀಟಾ?” ಅಂತ ಮಾವ ನಕ್ಕರು.

ನೋಡುವವರಿಗೆ ತಮಾಷೆ. ಆದರೆ ನನಗೆ ಒಂದು ಲೆಕ್ಕ ಬೇಕಿತ್ತು. ಅದರ ಹಿಂದಿನ ತಿಂಗಳಷ್ಟೇ ಶಕ್ತಿನಗರದ ಅಜ್ಜಿಮನೆಯನ್ನು ಬಿಲ್ಡರ್‌ಗೆ ಕೊಡುವುದೆಂದು ತೀರ್ಮಾನ ಆಗಿತ್ತು. ಅಜ್ಜಿ ಹೋಗಿ ಮೂರು ವರ್ಷ. ಹಂಚಿನ ಮನೆ ಸೋರುತ್ತಿತ್ತು. ಮಕ್ಕಳು ಮೂವರಲ್ಲಿ ಯಾರೂ ಅಲ್ಲಿ ಇರುವವರಲ್ಲ. ಎಲ್ಲ ಮಾತುಕತೆ ಮುಗಿದ ಮೇಲೆ ಅಮ್ಮ ಕೇಳಿದ್ದು ಒಂದೇ. “ಬಾವಿಕಟ್ಟೆಯ ಮಾವು ಎಂತ ಆಗ್ತದೆ?” ಯಾರೂ ಉತ್ತರ ಹೇಳಲಿಲ್ಲ. ಪ್ಲಾನ್‌ನಲ್ಲಿ ಬಾವಿಕಟ್ಟೆ ಇದ್ದ ಜಾಗದಲ್ಲಿ ಕಾರ್ ಪಾರ್ಕಿಂಗ್ ಇತ್ತು.

ಹೆಸರಿಲ್ಲದ ಮರ

ತುಳುವಿನಲ್ಲಿ ಮಾವಿಗೆ ಕುಕ್ಕು ಅಂತಾರೆ. ಗುಡ್ಡದಲ್ಲೋ ತೋಟದ ಬದಿಯಲ್ಲೋ ತಾನಾಗಿ ಹುಟ್ಟಿದ, ಸಣ್ಣ ಹಣ್ಣಿನ ಮಾವು ಕಾಟುಕುಕ್ಕು. ಕನ್ನಡದಲ್ಲಿ ಕಾಟು ಮಾವು. ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯಲ್ಲಿ ಕಾಟುಕುಕ್ಕೆ ಅಂತ ಒಂದು ಊರೇ ಉಂಟು. ನಮ್ಮ ಬಾವಿಕಟ್ಟೆಯ ಮರವೂ ಇದೇ ಪೈಕಿ. ಯಾರೂ ನೆಟ್ಟದ್ದಲ್ಲ. ಅಜ್ಜಿ ಮದುವೆಯಾಗಿ ಬಂದಾಗಲೇ ಅದು ಹಣ್ಣು ಕೊಡುತ್ತಿತ್ತಂತೆ.

ಹಣ್ಣು ಕೋಳಿಮೊಟ್ಟೆಗಿಂತ ಸ್ವಲ್ಪ ದೊಡ್ಡದು. ಸಿಪ್ಪೆ ದಪ್ಪ, ಒಳಗೆಲ್ಲ ನಾರು, ಗೊರಟೇ ಮುಕ್ಕಾಲು. ಹೋಳು ಮಾಡಿ ತಿನ್ನುವ ಹಣ್ಣಲ್ಲ, ತುದಿ ಕಚ್ಚಿ ಚೀಪುವ ಹಣ್ಣು. ಮೇ ತಿಂಗಳ ಗಾಳಿಮಳೆಗೆ ರಾತ್ರಿಯಿಡೀ ಹಂಚಿನ ಮೇಲೆ ಧಬಧಬ ಬೀಳುತ್ತಿತ್ತು. ಬೆಳಿಗ್ಗೆ ಬೇಗ ಎದ್ದವನಿಗೆ ಬುಟ್ಟಿ ತುಂಬ ಹಣ್ಣು, ಅಜ್ಜನಿಗೆ ಒಡೆದ ಹಂಚಿನ ಖರ್ಚು.

ಎಳೆಕಾಯಿ ಭರಣಿಯ ಉಪ್ಪುನೀರಿಗೆ ಹೋಗುತ್ತಿತ್ತು. ಆಟಿ ತಿಂಗಳ ಮಳೆಯಲ್ಲಿ ಕುಚ್ಚಲಕ್ಕಿ ಗಂಜಿಗೆ ಅದರದ್ದೇ ಚಟ್ನಿ. ಹಣ್ಣಾದ ಮೇಲೆ ಗೊಜ್ಜು, ಸಾಸಿವೆ. ಹೆಚ್ಚಾದದ್ದನ್ನು ಹಿಂಡಿ, ಚಾಪೆಯ ಮೇಲೆ ಪದರ ಪದರ ಹಚ್ಚಿ ಒಣಗಿಸಿದರೆ ಮಾಂಬಳ. ಒಂದೇ ಮರದಿಂದ ಇಷ್ಟೆಲ್ಲ ಆಗುತ್ತಿತ್ತು. ಆದರೆ ಅದರ ಜಾತಿ ಯಾವುದು ಅಂತ ಕೇಳಿದರೆ ಅಜ್ಜಿಯ ಹತ್ತಿರವೂ ಉತ್ತರ ಇರಲಿಲ್ಲ. “ಬಾವಿಕಟ್ಟೆಯದ್ದು” ಅಷ್ಟೆ.

ಹೆಸರಿದ್ದರೆ ಹುಡುಕಿಕೊಂಡು ಬರುವವರು ಇರುತ್ತಾರೆ. ಉಪ್ಪಿನಕಾಯಿಯ ಅಪ್ಪೆಮಿಡಿಗೆ ಬಹಳ ಮೊದಲೇ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಜಿಐ ಟ್ಯಾಗ್, ಸಿಕ್ಕಿದೆ. ಅಂಕೋಲೆಯ ಕರಿ ಇಶಾಡಿಗೆ 2023ರಲ್ಲಿ ಸಿಕ್ಕಿತು. ಆ ಹಣ್ಣುಗಳು ಹುಟ್ಟಿದ್ದೂ ನಮ್ಮದರ ಹಾಗೆ ಯಾರದೋ ಹಿತ್ತಲಲ್ಲೇ ಇರಬೇಕು. ಬಾವಿಕಟ್ಟೆಯ ಮಾವನ್ನು ಕಳೆದುಕೊಂಡರೆ ಯಾವ ನರ್ಸರಿಗೆ ಹೋಗಿ ಏನಂತ ಕೇಳುವುದು?

ಆರು ತಟ್ಟೆಯ ಫಲಿತಾಂಶ

ಅಂದು ತಟ್ಟೆಯಲ್ಲಿದ್ದದ್ದು ಮುಂಡಪ್ಪ, ನೆಕ್ಕರೆ, ಬಾದಾಮಿ, ಮಲ್ಲಿಕಾ, ಪೈರಿ ಮತ್ತು ಬಾವಿಕಟ್ಟೆಯದ್ದು. ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹೋಗುವಾಗ ಬಾಯಿ ಸ್ವಚ್ಛ ಮಾಡಲು ಒಂದು ಮುಷ್ಟಿ ಮಂಡಕ್ಕಿ.

ಪರಿಮಳದಲ್ಲಿ ಬಾದಾಮಿ ಮೊದಲು ಬಂತು, ಅದರಲ್ಲಿ ಆಶ್ಚರ್ಯ ಇಲ್ಲ. ನನ್ನ ಹೆಂಡತಿ ಧಾರವಾಡದವಳು. ಕಣ್ಣು ಕಟ್ಟಿದ್ದರೂ ಮೂಗಿಗೆ ಹಿಡಿದ ಕೂಡಲೇ “ಇದು ನಮ್ಮ ಆಪೂಸು” ಅಂದಳು.

ರಸದಲ್ಲಿ ಮುಂಡಪ್ಪಕ್ಕೆ ಎದುರಿಲ್ಲ. ಮಂಗಳೂರು, ಉಡುಪಿ ಕಡೆಯವರಿಗೆ ಮಾವಿನಹಣ್ಣು ಅಂದರೆ ಮೊದಲು ನೆನಪಾಗುವುದೇ ಅದು. ದೊಡ್ಡ ಹಣ್ಣು, ತೆಳು ಸಿಪ್ಪೆ, ನಾರು ಕಡಿಮೆ. ತೆಂಗಿನ ಹಾಲು, ಬೆಲ್ಲ, ಏಲಕ್ಕಿ ಸೇರಿಸಿ ರಸಾಯನ ಮಾಡಿ, ಸೇಮಿಗೆಯ ಜೊತೆ ತಿಂದವರಿಗೆ ಬೇರೆ ಹೇಳಬೇಕಾಗಿಲ್ಲ. ಆದರೆ ಆ ತೆಳು ಸಿಪ್ಪೆಯೇ ಅದಕ್ಕೆ ಶತ್ರು. ಹಣ್ಣಾದ ಮೇಲೆ ಹೆಚ್ಚು ದಿನ ಇಡಲಾಗುವುದಿಲ್ಲ, ಲಾರಿಯಲ್ಲಿ ದೂರ ಹೋಗುವುದಿಲ್ಲ. ಹಾಗಾಗಿ ಬೆಂಗಳೂರಿನ ಗೆಳೆಯರಿಗೆ ಅದರ ಹೆಸರೂ ಗೊತ್ತಿಲ್ಲ.

ಬಾವಿಕಟ್ಟೆಯದ್ದು ನಾರಿನಲ್ಲಿಯೂ ಗೊರಟಿನಲ್ಲಿಯೂ ಎಲ್ಲದಕ್ಕಿಂತ ಕಡಿಮೆ ಅಂಕ ಪಡೆಯಿತು. ಒಟ್ಟು ಅಂಕದಲ್ಲಿ ಕೊನೆಯ ಸ್ಥಾನ. “ಇದಕ್ಕ ಹಣ್ಣ ಅಂತೀರೇನ? ಹಗ್ಗದ ಉಂಡಿ ಐತಿ” ಅಂದಳು ಹೆಂಡತಿ.

ಆದರೆ ಶೀಟ್‌ನಲ್ಲಿ ದಾಖಲಾಗದ ಒಂದು ವಿಷಯ ನಡೆಯಿತು. ಆ ತಟ್ಟೆ ಬಂದಾಗ ಅಮ್ಮ, ಮಾವ, ಚಿಕ್ಕಮ್ಮ ಮೂವರೂ ಮಾತು ನಿಲ್ಲಿಸಿದರು. ಅಂಕ ಹೇಳಿ ಅಂದರೆ ಹೇಳುವವರಿಲ್ಲ. ಮಾವ ಗೊರಟನ್ನು ಬಿಳಿಯಾಗುವ ತನಕ ಚೀಪುತ್ತಾ ಕೂತರು. ಅಮ್ಮ ಕಣ್ಣಿನ ಬಟ್ಟೆ ಬಿಚ್ಚಲೇ ಇಲ್ಲ.

ಮರುದಿನ ಅಮ್ಮ ಅದೇ ಹಣ್ಣಿನ ಗೊಜ್ಜು ಮಾಡಿದರು. ಸಿಪ್ಪೆ ತೆಗೆದು ಕೈಯಲ್ಲೇ ಹಿಚುಕಿ, ಉಪ್ಪು, ಬೆಲ್ಲ, ಹಸಿಮೆಣಸು ಹಾಕಿ, ಸಾಸಿವೆ ಮತ್ತು ಒಣಮೆಣಸಿನ ಒಗ್ಗರಣೆ. ಗೊರಟೂ ಅದರಲ್ಲೇ. ಧಾರವಾಡದವಳು ಎರಡು ಸಲ ಅನ್ನ ಹಾಕಿಸಿಕೊಂಡಳು. ಆಮೇಲೆ ಬಾದಾಮಿಯ ಗೊಜ್ಜನ್ನೂ ಮಾಡಿ ನೋಡಿದೆವು. ಬರೀ ಸಿಹಿ, ಬಾಯಿಗೆ ಹಿಡಿಸಲಿಲ್ಲ. ಹೋಳಿನ ಪರೀಕ್ಷೆಯಲ್ಲಿ ಚೀಪುವ ಹಣ್ಣಿಗೆ ಅಂಕ ಕೊಡಲು ಹೊರಟದ್ದೇ ನನ್ನ ತಪ್ಪು ಅಂತ ಆಗ ತಿಳಿಯಿತು.

ಒಂದು ಗೊರಟು, ಮೂರು ಮೊಳಕೆ

ತಿಂದು ಉಳಿದ ಗೊರಟುಗಳನ್ನು ಎಸೆಯಲಿಲ್ಲ. ಹನ್ನೆರಡನ್ನು ಗ್ರೋ ಬ್ಯಾಗ್‌ನಲ್ಲಿ ಹೂತಿಟ್ಟೆ. ಮೂರು ವಾರದಲ್ಲಿ ಮೊಳಕೆ ಬಂತು. ನೋಡಿದರೆ ಕೆಲವು ಗೊರಟಿನಿಂದ ಒಂದಲ್ಲ, ಮೂರು ಮೂರು ಸಸಿ!

ಓದಿ ನೋಡಿದಾಗ ಗೊತ್ತಾಯಿತು, ಇದಕ್ಕೆ ಬಹುಭ್ರೂಣತೆ ಅಂತ ಹೆಸರು. ಬಾದಾಮಿ, ಮಲ್ಲಿಕಾ, ಉತ್ತರ ಭಾರತದ ದಶಹರಿಯಂಥ ಜಾತಿಗಳ ಗೊರಟಿನಲ್ಲಿ ಒಂದೇ ಭ್ರೂಣ. ಅದು ಎರಡು ಮರಗಳ ಪರಾಗಸ್ಪರ್ಶದಿಂದ ಹುಟ್ಟಿದ್ದು. ಹಾಗಾಗಿ ಬಾದಾಮಿ ಗೊರಟು ನೆಟ್ಟರೆ ಬಾದಾಮಿಯೇ ಬರುತ್ತದೆ ಅಂತ ಹೇಳಲಾಗದು. ಪಶ್ಚಿಮ ಕರಾವಳಿಯ ಎಷ್ಟೋ ಮಾವುಗಳು ಬೇರೆ ಥರ. ನಮ್ಮ ನೆಕ್ಕರೆ, ಕೇರಳದ ಒಲೂರ್, ಚಂದ್ರಕಾರನ್ ಇವುಗಳ ಗೊರಟಿನಲ್ಲಿ ಹಲವು ಭ್ರೂಣ. ಅದರಲ್ಲಿ ಹೆಚ್ಚಿನವು ತಾಯಿಮರದ ಅಂಗಾಂಶದಿಂದಲೇ ಬೆಳೆದವು, ಅಂದರೆ ತಾಯಿಯದ್ದೇ ಪಡಿಯಚ್ಚು.

ನಮ್ಮ ಮರವೂ ಆ ಗುಂಪಿನದ್ದು ಅಂತ ಖುಷಿಯಾಯಿತು. ಆದರೆ ಮೂರು ಸಸಿಗಳಲ್ಲಿ ಪರಾಗಸ್ಪರ್ಶದ್ದು ಯಾವುದು, ತಾಯಿಯದ್ದು ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳುವುದು ಕಷ್ಟ. ಮೇಲಾಗಿ ಗೊರಟಿನ ಗಿಡ ಹಣ್ಣು ಕೊಡಲು ಏಳೆಂಟು ವರ್ಷವಾದರೂ ಬೇಕು. ಅಮ್ಮನಿಗೆ ಈಗ ಅರವತ್ತೆರಡು. ಕಸಿ ಗಿಡವಾದರೆ ಮೂರ್ನಾಲ್ಕು ವರ್ಷ ಸಾಕು. ಸಸಿ ಇರಲಿ, ಕಸಿಯೂ ಆಗಲಿ ಅಂತ ನಿರ್ಧರಿಸಿದೆ.

ಯೂಟ್ಯೂಬ್ ಕಸಿ, ನಿಜವಾದ ಕಸಿ

ಮೊದಲ ಹತ್ತು ಕಸಿಯನ್ನು ವಿಡಿಯೋ ನೋಡಿ ನಾನೇ ಕಟ್ಟಿದೆ. ಹತ್ತೂ ಕಪ್ಪಾಗಿ ಸತ್ತವು. ಬ್ಲೇಡ್ ಮೊಂಡಾಗಿತ್ತು, ಕಡ್ಡಿ ಎಳೆಯದಿತ್ತು, ಕಟ್ಟಿದ ಜಾಗಕ್ಕೆ ಮಳೆನೀರು ಹೋಗಿತ್ತು. ಆಫೀಸಿನಲ್ಲಿ ಏನಾದರೂ ಕೆಟ್ಟರೆ ಹಿಂದಿನ ವರ್ಷನ್‌ಗೆ ಹೋಗಬಹುದು. ಇಲ್ಲಿ ಮರದ ಕೊಂಬೆ ಕಡಿದಷ್ಟೂ ಕಡಿಮೆಯಾಗುತ್ತದೆ, ತಾರೀಖು ಹತ್ತಿರ ಬರುತ್ತಿರುತ್ತದೆ.

ಕೊನೆಗೆ ಪುತ್ತೂರು ಕಡೆಯ ನರ್ಸರಿಯಲ್ಲಿ ಕಸಿ ಕಟ್ಟುವ ಒಬ್ಬ ಅಣ್ಣ ಜುಲೈಯ ಒಂದು ಶನಿವಾರ ಬಂದರು. ಮರ ನೋಡಿ, “ಹತ್ತು ದಿನ ಕಾಯಿರಿ” ಅಂದರು. ಹೂಬಿಡದ ಕೊಂಬೆಗಳ ತುದಿಯಲ್ಲಿ, ಪೆನ್ಸಿಲ್ ದಪ್ಪದ, ಮೂರ್ನಾಲ್ಕು ತಿಂಗಳು ಬಲಿತ ಕಡ್ಡಿ ಆರಿಸಿ, ತೊಟ್ಟು ಉಳಿಸಿ ಎಲೆ ಮಾತ್ರ ಕತ್ತರಿಸಿದರು. ಹತ್ತು ದಿನದಲ್ಲಿ ತೊಟ್ಟು ಉದುರಿ, ತುದಿಯ ಮೊಗ್ಗು ಉಬ್ಬಿತ್ತು. ಆಗ ಕಡ್ಡಿ ತೆಗೆದರು. ಕೆಂಜಿರುವೆ ಕಡಿಸಿಕೊಂಡು ಮರ ಹತ್ತಿದ್ದು ನಾನು.

ಕಾಟು ಮಾವಿನ ಗೊರಟಿನಿಂದ ಎದ್ದ, ಎಲೆ ಇನ್ನೂ ತಾಮ್ರದ ಬಣ್ಣದಲ್ಲಿರುವ ಎರಡು ವಾರದ ಮೊಳಕೆಯನ್ನು ಅವರು ಗೇಣಿಗಿಂತ ಕೆಳಗೆ ಕತ್ತರಿಸಿ, ನಡುವೆ ಸೀಳಿದರು. ನಮ್ಮ ಕಡ್ಡಿಯ ಬುಡವನ್ನು ಎರಡೂ ಬದಿ ಕೆತ್ತಿ ಆ ಸೀಳಿನಲ್ಲಿ ಇಳಿಸಿದರು. ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಮೇಲೆ ಐಸ್‌ಕ್ಯಾಂಡಿ ಕವರಿನ ಟೊಪ್ಪಿ. “ಕೆಳಗಿನ ಸಿಪ್ಪೆಗೆ ಮೇಲಿನ ಸಿಪ್ಪೆ ಒಂದು ಬದಿಯಾದರೂ ಸರಿಯಾಗಿ ತಾಗಬೇಕು. ಅಷ್ಟೇ ವಿದ್ಯೆ” ಅಂದರು. ನೆರಳಿನಲ್ಲಿಟ್ಟು ಮೂರು ವಾರ ಮುಟ್ಟಬಾರದು.

ಹದಿನೈದು ಕಟ್ಟಿದ್ದು, ಆರು ಚಿಗುರಿದವು. ಅದರಲ್ಲಿ ಎರಡು ಸೆಪ್ಟೆಂಬರ್‌ನಲ್ಲಿ ಹೋದವು. ಉಳಿದದ್ದು ನಾಲ್ಕು.

ಟೆರೇಸ್‌ನಲ್ಲಿ ಮಾವು: ನಾನು ಕಲಿತದ್ದು

ನಮ್ಮ ಫ್ಲ್ಯಾಟ್ ಇರುವುದು ಬಿಜೈಯಲ್ಲಿ. ಟೆರೇಸ್‌ನಲ್ಲಿ ಮೂರು ವರ್ಷದಿಂದ ಒಂದು ಆಮ್ರಪಾಲಿ ಇದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಕೊಟ್ಟ ಗಿಡ್ಡ ಜಾತಿ ಇದು. ಮಲ್ಲಿಕಾ ಮತ್ತು ಆಮ್ರಪಾಲಿ ಎರಡಕ್ಕೂ ತಂದೆತಾಯಿ ನೀಲಂ ಮತ್ತು ದಶಹರಿಯೇ, ತಾಯಿ ಯಾರು ತಂದೆ ಯಾರು ಅನ್ನುವುದು ಮಾತ್ರ ಅದಲುಬದಲು. ಈ ವರ್ಷ ಒಂಬತ್ತು ಕಾಯಿ ಹಿಡಿದು ನಾಲ್ಕು ಹಣ್ಣಾದವು. ಶುರು ಮಾಡುವವರಿಗೆ ಇಷ್ಟು ಹೇಳಬಲ್ಲೆ:

• ಕುಂಡಕ್ಕೆ ಕಸಿ ಗಿಡವನ್ನೇ ತನ್ನಿ. ಜಾಗ ಕಡಿಮೆ ಇದ್ದರೆ ಆಮ್ರಪಾಲಿ ಒಳ್ಳೆಯದು.

• 200 ಲೀಟರ್ ಡ್ರಮ್ಮನ್ನು ಅರ್ಧ ಕತ್ತರಿಸಿದರೆ ಎರಡು ಕುಂಡ. ತಳಕ್ಕೆ ಧಾರಾಳ ತೂತು, ಕೆಳಗೆ ಇಟ್ಟಿಗೆ. ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿದು, ನೀರು ನಿಂತರೆ ಬೇರು ಕೊಳೆಯುತ್ತದೆ.

• ಕೆಂಪುಮಣ್ಣು, ಸುಡುಮಣ್ಣು, ಹಟ್ಟಿಗೊಬ್ಬರ, ಸ್ವಲ್ಪ ತೆಂಗಿನ ನಾರಿನ ಪುಡಿ. ಬರೀ ಮಣ್ಣು ತುಂಬಿದರೆ ಭಾರ. ಕುಂಡವನ್ನು ಬೀಮ್ ಇರುವ ಕಡೆ ಇಡಿ, ಅಸೋಸಿಯೇಶನ್‌ನವರನ್ನು ಮೊದಲೇ ಕೇಳಿ.

• ದಿನಕ್ಕೆ ಆರು ಗಂಟೆ ಬಿಸಿಲು ಬೇಕು.

• ಕಸಿಗಂಟಿನ ಕೆಳಗೆ ಬರುವ ಚಿಗುರನ್ನು ಕೂಡಲೇ ಚಿವುಟಿ. ಬಿಟ್ಟರೆ ಬೇರೇ ಮರ ಬೆಳೆಯುತ್ತದೆ.

• ಮೊದಲ ಎರಡು ವರ್ಷ ಹೂ ಬಂದರೆ ಮನಸ್ಸು ಗಟ್ಟಿ ಮಾಡಿ ತೆಗೆಯಿರಿ.

• ನವೆಂಬರ್ ನಂತರ ನೀರು ಕಡಿಮೆ ಮಾಡಿ, ಕಾಯಿ ಕಟ್ಟಿದ ಮೇಲೆ ಮತ್ತೆ ಕೊಡಿ. ಕಾಯಿ ಬಲಿಯುವಾಗ ಕಾಗದದ ಚೀಲ ಕಟ್ಟಿದರೆ ಹಣ್ಣುನೊಣದ ಕಾಟ ಇಲ್ಲ.

ಮರ ಹೋದ ದಿನ

ದೀಪಾವಳಿ ಕಳೆದು ಎರಡು ವಾರಕ್ಕೆ ಮರ ಕಡಿದರು. ನಾನು ರಜೆ ಹಾಕಿ ಹೋಗಿದ್ದೆ, ಅಮ್ಮ ಬರಲಿಲ್ಲ. ಮಷಿನ್ ಗರಗಸಕ್ಕೆ ಅರ್ಧ ದಿನದ ಕೆಲಸ. ಬಿಲ್ಡರ್‌ನನ್ನು ಬೈಯಲು ನನಗೆ ಬಾಯಿಲ್ಲ. ಮಾರಿದ್ದು ನಾವೇ. ಅಮ್ಮನ ಪಾಲಿನ ಹಣದಲ್ಲಿ ನನ್ನ ಹೋಮ್ ಲೋನ್‌ನ ಒಂದು ಭಾಗವೂ ತೀರಿದೆ. ನಾನಿರುವ ಫ್ಲ್ಯಾಟಿನ ಜಾಗದಲ್ಲೂ ಹಿಂದೆ ಎರಡು ಮಾವಿನ ಮರ ಇತ್ತು ಅಂತ ನಮ್ಮ ವಾಚ್‌ಮನ್ ಹೇಳಿದ್ದಾರೆ. ಅದು ಯಾವ ರುಚಿಯದ್ದೋ, ಯಾರಿಗೂ ಗೊತ್ತಿಲ್ಲ.

ಕೇರಳದ ಕಣ್ಣೂರು ಜಿಲ್ಲೆಯ ಕಣ್ಣಪುರಂನಲ್ಲಿ ಊರವರೇ ಹಿತ್ತಲ ಮಾವುಗಳನ್ನು ಹುಡುಕಿ, ಹೆಸರಿಟ್ಟು, ಪಟ್ಟಿ ಮಾಡಿದ್ದಾರೆ. ಅಲ್ಲಿನ ಜೀವವೈವಿಧ್ಯ ಮಂಡಳಿ ಆ ಜಾಗವನ್ನು ನಾಟಿ ಮಾವಿನ ಪರಂಪರೆಯ ತಾಣ ಅಂತ ಘೋಷಿಸಿದೆ. ನಮ್ಮಲ್ಲಿ ಅಷ್ಟು ದೊಡ್ಡದು ಆಗದಿದ್ದರೂ, ಮನೆ ಕೊಡುವ ಮುಂಚಿನ ಮಳೆಗಾಲದಲ್ಲಿ ಹತ್ತು ಕಡ್ಡಿ ತೆಗೆಯುವುದು ಆಗುವ ಕೆಲಸ.

ನಾಲ್ಕು ಕಸಿಗಳಲ್ಲಿ ಒಂದು ಮಾವನ ಮನೆಗೆ, ಒಂದು ಚಿಕ್ಕಮ್ಮನಿಗೆ ಹೋಯಿತು. ಒಂದನ್ನು ಕಸಿ ಕಟ್ಟಿದ ಅಣ್ಣನೇ ಕೇಳಿ ತೆಗೆದುಕೊಂಡು ಹೋದರು. ಅವರ ತೋಟದಲ್ಲಿ ನೆಲಕ್ಕೆ ಇಳಿದಿರುವುದು ಅದೊಂದೇ. ದೊಡ್ಡ ಮರ ಆಗುವುದಿದ್ದರೆ ಅದೇ ಆಗಬೇಕು. ನಾಲ್ಕನೆಯದು ನಮ್ಮ ಟೆರೇಸ್‌ನಲ್ಲಿದೆ. ಈಗ ಮೊಣಕಾಲೆತ್ತರ. ಈ ಜನವರಿಯಲ್ಲಿ ಒಂದು ಹೂಗೊಂಚಲು ಬಂದಿತ್ತು. ತೆಗೆಯಬೇಕು ಅಂದೆ. ಅಮ್ಮ ಒಂದು ವಾರ ಬಿಡಲಿಲ್ಲ, ದಿನಾ ಬೆಳಿಗ್ಗೆ ಹೋಗಿ ಮೂಸಿ ಬರುತ್ತಿದ್ದರು. ಆಮೇಲೆ ತಾವೇ ಚಿವುಟಿ, ದೇವರ ಫೋಟೋದ ಮುಂದಿಟ್ಟರು.

ಕುಂಡಕ್ಕೊಂದು ಲೇಬಲ್ ಅಂಟಿಸಿದ್ದೇನೆ. ಜಾತಿ: ಬಾವಿಕಟ್ಟೆ. ರುಚಿ ಅನ್ನುವ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಅದನ್ನು ಅಮ್ಮನೇ ತಿಂದು ತುಂಬಬೇಕು.