70ರ ಮೇಲೆ 70 ಅಂಟಿಸಿದರೆ 49!

ನಿಮಗಿದು ಗೊತ್ತೆ?

ಕಾರಿನ ಗಾಜು ಶೇ 70ರಷ್ಟು ಬೆಳಕು ಬಿಡುತ್ತದೆ ಎನ್ನಿ. ಅದರ ಮೇಲೆ ಶೇ 70ರಷ್ಟೇ ಬೆಳಕು ಬಿಡುವ ಫಿಲ್ಮ್ ಅಂಟಿಸಿದಿರಿ. ಈಗ ಒಳಗೆ ಬರುವುದು ಶೇ 49 ಮಾತ್ರ! ಗಾಜು ದಾಟಿ ಬಂದ 70 ಪಾಲಿನಲ್ಲಿ ಫಿಲ್ಮ್ ಮತ್ತೆ 21 ಪಾಲು ತಡೆಯುತ್ತದೆ.

ಪಕ್ಕದ ಕಿಟಕಿಗೆ ಕಾನೂನು ಕೇಳುವುದು ಕನಿಷ್ಠ ಶೇ 50. ಮುಂದಿನ, ಹಿಂದಿನ ಗಾಜಿಗೆ ಶೇ 70. ಅಂದರೆ ‘ತೀರಾ ತೆಳು ಸರ್’ ಎಂದು ಅಂಗಡಿಯವರು ಕೊಟ್ಟ ಫಿಲ್ಮ್ ಕೂಡ ಪಕ್ಕದ ಕಿಟಕಿಯಲ್ಲೇ ಒಂದೇ ಅಂಕದಿಂದ ಫೇಲ್.

ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಮೇ ಬಿಸಿಲಿಗೆ ಕಾರು ನಿಲ್ಲಿಸಿದವರಿಗೆ ಕಪ್ಪು ಗಾಜಿನ ಆಸೆ ಸಹಜ. ಆದರೆ ಕಪ್ಪಾದಷ್ಟೂ ತಂಪು ಎಂಬುದು ಭ್ರಮೆ. ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ, ಕಣ್ಣಿಗೇ ಕಾಣದ ಅವಗೆಂಪು ಕಿರಣಗಳದ್ದು. ಅದನ್ನು ತಡೆಯುವ ಬಹುತೇಕ ತಿಳಿಯಾದ ಫಿಲ್ಮ್‌ಗಳೂ ಇವೆ.

2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್, ಎಷ್ಟೇ ತೆಳುವಾದರೂ ಫಿಲ್ಮ್ ಅಂಟಿಸಕೂಡದು ಎಂದಿತ್ತು. ಆಮೇಲೆ ನಿಯಮ ತಿದ್ದುಪಡಿಯಾಯಿತು. ಅದನ್ನು ಆಧರಿಸಿ ಕೇರಳ ಹೈಕೋರ್ಟ್ 2024ರಲ್ಲಿ, ಮಿತಿಯೊಳಗಿದ್ದರೆ ದಂಡ ಹಾಕುವಂತಿಲ್ಲ ಎಂದಿದೆ. 50–70ರ ಮಿತಿ ಮಾತ್ರ ಅಂದಿನಂತೆಯೇ ಇದೆ. ಇದು ಕೇಂದ್ರದ ನಿಯಮ. ಬೀದರ್‌ನ ಕೆಎ-38 ಇರಲಿ, ಭಾಲ್ಕಿಯ ಕೆಎ-39 ಇರಲಿ, ಔರಾದ್ ದಾಟಿ ಮಹಾರಾಷ್ಟ್ರಕ್ಕೆ ಹೋದರೂ ಲೆಕ್ಕ ಅದೇ.

ಫಿಲ್ಮ್ ಹಾಕಿಸುವ ಮುನ್ನ ಒಂದು ಮಾತು ಕೇಳಿ: ‘ಗಾಜೂ ಸೇರಿ ಎಷ್ಟು?’